ಜಿಯು-ಜಿಟ್ಸು ವೀಡಿಯೊ ಕೊಳ್ಳುವ ಮುನ್ನ ಜೋಡಿ ಹುಡುಕಿ

ವೀಡಿಯೊ ನೋಡಿ ಕುಸ್ತಿ ಕಲಿಯುತ್ತೇನೆ ಎಂದರೆ ಗರಡಿ ಮನೆಯ ಉಸ್ತಾದರು ನಕ್ಕುಬಿಡುತ್ತಾರೆ. ಅವರು ನಗುವುದು ಸರಿಯೇ. ಆದರೂ ಬ್ರೆಜಿಲಿಯನ್ ಜಿಯು-ಜಿಟ್ಸು ವಿಷಯದಲ್ಲಿ ನನ್ನಂಥ ಎಷ್ಟೋ ವಿದ್ಯಾರ್ಥಿಗಳಿಗೆ ಬೇರೆ ದಾರಿಯಿಲ್ಲ. ಬೆಂಗಳೂರಿನಲ್ಲಿ ಇದನ್ನು ಕಲಿಸುವ ಅಕಾಡೆಮಿಗಳಿವೆ. ನಾನು ಬಿಇ ಓದುತ್ತಿರುವ ಊರಿನಲ್ಲಿಲ್ಲ. ಇಲ್ಲಿರುವುದು ಹಾಸ್ಟೆಲ್ ವೈಫೈ, ಜಿಮ್‌ನ ಮೂಲೆಯಲ್ಲಿ ದೂಳು ತಿನ್ನುತ್ತಿದ್ದ ಆರು ಮ್ಯಾಟ್ ಮತ್ತು ಸಂಜೆ ಲ್ಯಾಬ್ ಮುಗಿಸಿ ಬರುವ ನಾವು ನಾಲ್ಕು ಮಂದಿ. ವೀಡಿಯೊ ನೋಡಿ ಕಲಿಯಬೇಡಿ ಎಂದು ನಮಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಯಾವುದನ್ನು ನೋಡಬೇಕು, ಯಾವುದಕ್ಕೆ ದುಡ್ಡು ಕೊಡಬಾರದು ಎಂದು ಯಾರಾದರೂ ಹೇಳಿದರೆ ಉಪಯೋಗವಾದೀತು. ಒಂದು ವರ್ಷದಿಂದ ಇದರಲ್ಲೇ ಮುಳುಗಿರುವ ನನ್ನ ಅಭಿಪ್ರಾಯ ಇಲ್ಲಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ಜೂಡೊ ಪಟು ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್‌ಗೆ ಬಂದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ 1925ರಲ್ಲಿ ರಿಯೊ ಡಿ ಜನೈರೊದಲ್ಲಿ ಅಕಾಡೆಮಿ ತೆರೆದರು. ಅವರ ತಮ್ಮ ಹೀಲಿಯೊ ತೆಳ್ಳನೆಯ ಮೈಕಟ್ಟಿನವರು. ತೋಳ್ಬಲದ ಬದಲು ಸನ್ನೆಕೋಲಿನ ತತ್ವವನ್ನು ನೆಚ್ಚಿಕೊಂಡರು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ಹೀಲಿಯೊ ಮಗ ರಾಯ್ಸ್ ಒಂದೇ ರಾತ್ರಿ ಮೂವರನ್ನು ಸೋಲಿಸಿದ ಮೇಲೆ ಎಲ್ಲರಿಗೂ ಇದೇ ಬೇಕಾಯಿತು. ಕಲಿಯಬೇಕೆಂದವರೆಲ್ಲ ಬ್ರೆಜಿಲ್‌ಗೆ ಹೋಗಲಾದೀತೆ? ವಿಎಚ್‌ಎಸ್ ಕ್ಯಾಸೆಟ್ ಬಂತು, ಆಮೇಲೆ ಡಿವಿಡಿ, ಈಗ ಸ್ಟ್ರೀಮಿಂಗ್. ಮನೆಯಲ್ಲಿ ಕೂತು ಕಲಿಯುವ ಈ ಪದ್ಧತಿ ನಮ್ಮ ಸ್ಮಾರ್ಟ್‌ಫೋನಿಗಿಂತ ಹಳೆಯದು.

ನಮ್ಮ ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಜಿಯು-ಜಿಟ್ಸುವಿನಲ್ಲಿ ಎಷ್ಟೋ ಆಟ ಅಲ್ಲಿಂದಲೇ ಶುರುವಾಗುತ್ತದೆ. ಬೆನ್ನು ನೆಲದಲ್ಲಿಟ್ಟು ಎದುರಾಳಿಯನ್ನು ಕಾಲುಗಳಿಂದ ತಡೆದಿಡುವುದಕ್ಕೆ ಗಾರ್ಡ್ ಎನ್ನುತ್ತಾರೆ. ನಮ್ಮ ಗುಂಪಿನ ಮಂಡ್ಯದ ಹುಡುಗ, ತಾತನ ಕಾಲದಿಂದ ಗರಡಿ ಕಂಡ ಮನೆಯವನು, ಮೊದಲ ವಾರ ಬೆನ್ನು ಕೆಳಗಿಡಲು ಒಪ್ಪಲೇ ಇಲ್ಲ. ಕೆಡವಿದರೆ ತಟ್ಟನೆ ಹೊಟ್ಟೆಯ ಮೇಲೆ ತಿರುಗುತ್ತಿದ್ದ. ಹಾಗೆ ತಿರುಗಿದವನ ಬೆನ್ನೇರಿ ಕತ್ತು ಹಿಡಿಯುವುದು ಇಲ್ಲಿ ಬಹಳ ಸುಲಭ. ಅವನಿಗೆ ಬೇಕಿದ್ದದ್ದು ಹೊಸ ಪಟ್ಟು ಅಲ್ಲ. ಮೇಲಿದ್ದರೆ ಏನು, ಕೆಳಗಿದ್ದರೆ ಏನು, ಯಾವ ಭಂಗಿ ಅಪಾಯದ್ದು, ಯಾವುದು ಉಸಿರಾಡಲು ಬಿಡುತ್ತದೆ ಎಂಬ ನಕ್ಷೆ. ಆರಂಭದವರಿಗೆಂದು ಮಾರುವ ವೀಡಿಯೊ ಮೊದಲ ಅರ್ಧ ಗಂಟೆಯಲ್ಲಿ ಈ ನಕ್ಷೆ ಕೊಡದಿದ್ದರೆ ಅದು ಆರಂಭದವರಿಗಲ್ಲ, ಹೆಸರಿನಲ್ಲಿ ಏನೇ ಇರಲಿ.

ಎರಡನೆಯದಾಗಿ ನಾನು ನೋಡುವುದು ವಿಷಯಗಳ ಅನುಕ್ರಮ. ಸೌಲೊ ರಿಬೇರೊ ಅವರ ‘ಜಿಯು-ಜಿಟ್ಸು ಯೂನಿವರ್ಸಿಟಿ’ ಪುಸ್ತಕ 2008ರಲ್ಲಿ ಬಂತು. ವೀಡಿಯೊ ಆರಿಸಲು ನನಗೆ ಹೆಚ್ಚು ನೆರವಾದದ್ದು ಈ ಪುಸ್ತಕವೇ. ಬಿಳಿ ಪಟ್ಟಿಯವರಿಗೆ ಅದರಲ್ಲಿ ಇರುವುದು ಬದುಕುಳಿಯುವ ಪಾಠ. ನೀಲಿಗೆ ತಪ್ಪಿಸಿಕೊಳ್ಳುವುದು, ನೇರಳೆಗೆ ಗಾರ್ಡ್, ಕಂದಿಗೆ ಗಾರ್ಡ್ ದಾಟುವುದು. ಎದುರಾಳಿಯನ್ನು ಶರಣಾಗಿಸುವ ಪಟ್ಟುಗಳು ಬರುವುದು ಕಪ್ಪು ಪಟ್ಟಿಗೆ, ಕಟ್ಟಕಡೆಗೆ. ಈಗ ನಮ್ಮ ಫೋನಿನಲ್ಲಿ ಬರುವ ರೀಲ್‌ಗಳನ್ನು ನೆನಪಿಸಿಕೊಳ್ಳಿ. ಪೂರಾ ತಲೆಕೆಳಗು. ಕತ್ತು ಹಿಸುಕುವುದು, ಮೊಣಕೈ ಮುರಿಯುವುದು, ಹಿಮ್ಮಡಿ ತಿರುಚುವುದು ಮೂವತ್ತು ಸೆಕೆಂಡಿನಲ್ಲಿ.

ಹಿಮ್ಮಡಿ ತಿರುಚುವ ಹೀಲ್ ಹುಕ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹಿಡಿಯುವುದು ಹಿಮ್ಮಡಿಯನ್ನು, ಹರಿಯುವುದು ಮಂಡಿಯ ಲಿಗಮೆಂಟ್. ನೋವು ತಿಳಿಯುವ ಮೊದಲೇ ಪೆಟ್ಟು ಬಿದ್ದಿರಬಹುದು. ಅದಕ್ಕೇ ಅಂತರರಾಷ್ಟ್ರೀಯ ಫೆಡರೇಷನ್ ಐಬಿಜೆಜೆಎಫ್ ತನ್ನ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿತ್ತು. 2021ರಲ್ಲಿ ಸಡಿಲಿಸಿದ್ದು ಕಂದು ಮತ್ತು ಕಪ್ಪು ಪಟ್ಟಿಯ ವಯಸ್ಕರಿಗೆ, ಅದೂ ಗಿ ತೊಡದ ವಿಭಾಗದಲ್ಲಿ ಮಾತ್ರ. ಇಷ್ಟು ಕಟ್ಟುನಿಟ್ಟಿನ ಪಟ್ಟನ್ನು ನಮ್ಮ ಹಾಸ್ಟೆಲ್‌ನ ಹುಡುಗನೊಬ್ಬ ರೀಲ್ ನೋಡಿ ರೂಮ್‌ಮೇಟ್ ಮೇಲೆ ಪ್ರಯೋಗಿಸಿದ. ರೂಮ್‌ಮೇಟ್ ಒಂದೂವರೆ ತಿಂಗಳು ಕುಂಟುತ್ತ ಮೂರು ಮಹಡಿ ಹತ್ತಿ ಕ್ಲಾಸಿಗೆ ಬಂದ. ಹಾಗಾಗಿ ನನ್ನ ಖಡಾಖಂಡಿತ ಮಾತು: ಮನೆಯಲ್ಲಿ ಕಲಿಯುವವರು ಮೊದಲ ವರ್ಷ ಕಾಲಿನ ಲಾಕ್‌ಗಳ ವೀಡಿಯೊ ಕೊಳ್ಳಲೇಬೇಡಿ, ಉಚಿತವಾಗಿ ಸಿಕ್ಕರೂ ಬೇಡ. ಪಕ್ಕದಲ್ಲಿ ‘ಬಿಡು’ ಎನ್ನುವ ಗುರು ಇಲ್ಲದ ಕಡೆ ಆ ವಿದ್ಯೆ ಬೇಕಿಲ್ಲ.

ಹಾಗಾದರೆ ಯಾವುದು? ರೈರನ್ ಮತ್ತು ರೆನರ್ ಗ್ರೇಸಿ ಅವರ ‘ಗ್ರೇಸಿ ಕಾಂಬ್ಯಾಟಿವ್ಸ್’ನಲ್ಲಿ ಇರುವುದು 36 ಪಾಠಗಳು. ಎದುರಾಳಿ ಜಿಯು-ಜಿಟ್ಸು ಅರಿಯದ ಸಾಮಾನ್ಯ ಜಗಳಗಂಟ ಎಂದುಕೊಂಡು ಹೆಣೆದದ್ದು. ಸಂಖ್ಯೆ ಕಡಿಮೆ ಇರುವುದೇ ಅದರ ಗುಣ. ಜಾನ್ ಡ್ಯಾನಹರ್ ಅವರ ‘ಗೋ ಫರ್ದರ್ ಫಾಸ್ಟರ್’ ಮಾಲೆಯಲ್ಲಿ ಮೌಂಟ್, ಸೈಡ್ ಕಂಟ್ರೋಲ್‌ಗಳಿಂದ ಪಾರಾಗುವುದಕ್ಕೇ ಒಂದು ಪೂರ್ತಿ ಸಂಪುಟವಿದೆ. ಏಕೆ ಹೀಗೆ, ಹಾಗೇಕಲ್ಲ ಎಂದು ಅವರಷ್ಟು ಬಿಡಿಸಿ ಹೇಳುವವರು ಅಪರೂಪ. ಮಾತು ಮಾತ್ರ ನಮ್ಮ ಥರ್ಮೊಡೈನಾಮಿಕ್ಸ್ ಮೇಷ್ಟ್ರಿಗಿಂತ ಉದ್ದ. ನಿದ್ದೆಗೆಟ್ಟ ದಿನ ನೋಡಬೇಡಿ. ಇಬ್ಬರಲ್ಲಿ ಯಾರು ಮೇಲು ಎಂಬ ಜಗಳ ಬೇಡ. ಒಬ್ಬರನ್ನು ಹಿಡಿದರೆ ಆರು ತಿಂಗಳು ಅವರನ್ನೇ ಹಿಡಿಯಿರಿ. ಇಬ್ಬರ ಪಾಠ ಬೆರೆಸಿದರೆ ಕೈ ಒಬ್ಬರದು, ಕಾಲು ಇನ್ನೊಬ್ಬರದಾಗುತ್ತದೆ.

ದುಡ್ಡಿನ ಮಾತು. ಹೆಸರಾಂತರ ಸರಣಿಗಳ ಬೆಲೆ ನೂರು ಡಾಲರ್‌ನ ಆಸುಪಾಸು. ರೂಪಾಯಿಗೆ ತಿರುಗಿಸಿದರೆ 8 ಸಾವಿರ ದಾಟುತ್ತದೆ, ಅಂದರೆ ನಮ್ಮ ಹಾಸ್ಟೆಲ್‌ನ ಎರಡು ತಿಂಗಳ ಮೆಸ್ ಬಿಲ್. ಇವನ್ನು ಮಾರುವ ತಾಣಗಳು ಆಗಾಗ ಅರ್ಧ ಬೆಲೆಯ ಆಫರ್ ಬಿಡುತ್ತವೆ. ‘ಇಂದೇ ಕೊನೆಯ ದಿನ’ ಎಂಬುದಕ್ಕೆ ಬೆದರುವ ಅಗತ್ಯವಿಲ್ಲ, ಮುಂದಿನ ತಿಂಗಳು ಇನ್ನೊಂದು ಕೊನೆಯ ದಿನ ಬರುತ್ತದೆ. ಅದೇ ಬೋಧಕರ ಉಚಿತ ತುಣುಕುಗಳು ಯೂಟ್ಯೂಬ್‌ನಲ್ಲಿ ಇರುತ್ತವೆ. ಮೊದಲು ಅದರಲ್ಲೊಂದನ್ನು ಮ್ಯಾಟ್ ಮೇಲೆ ಮಾಡಿ ನೋಡಿ. ಇಂಗ್ಲಿಷ್ ಉಚ್ಚಾರಣೆ ತಲೆಗೆ ಹೋಗುತ್ತದೆಯೇ, ಕ್ಯಾಮೆರಾ ಸೊಂಟ ಮತ್ತು ಪಾದವನ್ನು ತೋರಿಸುತ್ತದೆಯೇ, ಜೊತೆಗಾರ ಗೊಂಬೆಯಂತೆ ಬಿದ್ದಿರುತ್ತಾನೆಯೇ ಅಥವಾ ಕೊಸರಾಡುತ್ತಾನೆಯೇ? ಕೊಸರಾಡದವನ ಮೇಲೆ ಎಲ್ಲ ಪಟ್ಟೂ ಕೆಲಸ ಮಾಡುತ್ತದೆ.

ಪಟ್ಟಿಯ ಆಸೆಯನ್ನೂ ಕೆಲವರು ಮಾರುತ್ತಾರೆ. ವೀಡಿಯೊ ಕಳುಹಿಸಿ ನೀಲಿ ಪಟ್ಟಿ ಪಡೆಯುವ ವ್ಯವಸ್ಥೆಯನ್ನು ಗ್ರೇಸಿ ಸಹೋದರರೇ ಒಮ್ಮೆ ತಂದಾಗ ಅಕಾಡೆಮಿಗಳವರು ದೊಡ್ಡ ಗಲಾಟೆ ಎಬ್ಬಿಸಿದರು. ಈ ಗಲಾಟೆಯ ಅರ್ಥ ಕೆಲಸ ಹುಡುಕುತ್ತಿರುವ ನಮ್ಮ ಸೀನಿಯರ್‌ಗಳಿಗೆ ಚೆನ್ನಾಗಿ ಗೊತ್ತು. ರೆಸ್ಯೂಮೆಯಲ್ಲಿ ಹನ್ನೆರಡು ಆನ್‌ಲೈನ್ ಸರ್ಟಿಫಿಕೇಟ್ ಇಟ್ಟುಕೊಂಡವರಿಗೆ ಸಂದರ್ಶನದಲ್ಲಿ ಕೇಳುವುದು ಒಂದೇ: ಈ ಕೋಡ್ ಬರೆದು ತೋರಿಸಿ.

ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟಿದೆ. ‘ಹುಡುಗಿಯರಿಗಾಗಿ ಐದೇ ಪಟ್ಟು, ಯಾವ ಪುಂಡನಾದರೂ ನೆಲಕ್ಕೆ’ ಎಂಬ ಬಗೆಯ ವೀಡಿಯೊಗಳು. ನಮ್ಮ ತರಗತಿಯ ಹುಡುಗಿಯೊಬ್ಬಳು ಅಂಥದ್ದೊಂದನ್ನು ತಂದು ‘ಇದು ಆಗುತ್ತಾ ನೋಡೋಣ, ನೀನು ನಿಜವಾಗ್ಲೂ ಹಿಡ್ಕೋ’ ಎಂದಳು. ಹಿಡಿದೆ. ಆಗಲಿಲ್ಲ, ಐದರಲ್ಲಿ ಒಂದೂ. ಈಗ ಅವಳು ಮತ್ತು ಅವಳ ಗೆಳತಿ ಲೇಡೀಸ್ ಹಾಸ್ಟೆಲ್‌ನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಬ್ರಿಡ್ಜ್, ಶ್ರಿಂಪ್, ಕೈಯೂರಿ ಏಳುವ ಟೆಕ್ನಿಕಲ್ ಸ್ಟ್ಯಾಂಡಪ್ ಅಭ್ಯಾಸ ಮಾಡುತ್ತಾರೆ. ಮೂರಕ್ಕೂ ಜೊತೆಗಾರರು ಬೇಕಿಲ್ಲ, ಚಾಪೆ ಸಾಕು. ನಾಲ್ಕು ತಿಂಗಳಾದ ಮೇಲೆ ಅವಳನ್ನು ಮೌಂಟ್‌ನಲ್ಲಿ ಅದುಮಿ ಹಿಡಿಯುವುದು ನನಗೆ ಕಷ್ಟವಾಗಿದೆ. ನನ್ನ ತೂಕ ಅವಳಿಗಿಂತ ಹದಿನೆಂಟು ಕೆ.ಜಿ. ಹೆಚ್ಚು.

ಮೈಸೂರಿನ ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುತ್ತಾರೆ. ಯಾರಿಗೆ ಯಾರು ಸರಿಸಾಟಿ ಎಂದು ಹಿರಿಯರು ಅಳೆದು ತೂಗಿ ನಿರ್ಧರಿಸುತ್ತಾರೆ. ವೀಡಿಯೊ ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸವೂ ಇದೇ. ಪಂದ್ಯ ಗೆಲ್ಲುವ ಹಟವಿಲ್ಲದ, ಟ್ಯಾಪ್ ಮಾಡಿದ ಕ್ಷಣ ಬಿಡುವ ಒಬ್ಬ ಜೋಡಿ ಸಿಗಲಿ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುವ ಆಟ ಇದು. ಅಂಥ ಜೋಡಿ ಸಿಗುವವರೆಗೆ 8 ಸಾವಿರ ಬ್ಯಾಂಕಿನಲ್ಲೇ ಇರಲಿ. ಸಿಕ್ಕ ಮೇಲೆ ಎರಡು ವಾರಕ್ಕೆ ಒಂದೇ ಪಾಠ: ಮೊದಲು ನಿಧಾನವಾಗಿ, ಆಮೇಲೆ ಅವನು ಸ್ವಲ್ಪ ತಡೆಯಲಿ, ಕೊನೆಗೆ ನಿಜವಾಗಿ ತಡೆಯಲಿ. ಇಬ್ಬರೂ ನಿಮ್ಮ ಫೋನಿನಲ್ಲೇ ಚಿತ್ರೀಕರಿಸಿಕೊಂಡು ಮೂಲ ವೀಡಿಯೊ ಪಕ್ಕದಲ್ಲಿಟ್ಟು ನೋಡಿ. ಪರೀಕ್ಷೆಯ ಹಿಂದಿನ ರಾತ್ರಿ ಎರಡರಷ್ಟು ವೇಗದಲ್ಲಿ ಪಾಠ ಓಡಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಸೊಂಟಕ್ಕೆ ಆ ಬಟನ್ ಇಲ್ಲ.

ಬರುವ ರಜೆಯಲ್ಲಿ ನಾನು ಮತ್ತು ಮಂಡ್ಯದವನು ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗುತ್ತಿದ್ದೇವೆ. ಕಂಪನಿಗೆ ಹತ್ತಿರದ ಪಿಜಿ ಬಿಟ್ಟು, ಅಕಾಡೆಮಿಯೊಂದಕ್ಕೆ ನಡೆದು ಹೋಗುವಷ್ಟು ಹತ್ತಿರದ ಪಿಜಿ ನೋಡಿದ್ದೇವೆ. ಮೊದಲ ದಿನ ಅಲ್ಲಿಯ ಬಿಳಿ ಪಟ್ಟಿಯವರು ನಮ್ಮನ್ನು ಎಷ್ಟು ಬಾರಿ ಟ್ಯಾಪ್ ಮಾಡಿಸುತ್ತಾರೆ ಎಂದು ಅವನು ಈಗಲೇ ಬಾಜಿ ಕಟ್ಟಿದ್ದಾನೆ. ನನ್ನ ಅಂದಾಜು ಅವನಿಗಿಂತ ಮೂರು ಹೆಚ್ಚು.