ನಡುರಸ್ತೆಯ ಹಸಿ ಗೆರೆ

ಮಕ್ಕಳೇ, ಮೊನ್ನೆ ಮಳೆ ನಿಂತು ಬಿಸಿಲು ಬಿದ್ದ ಮೇಲೆ ನನ್ನ ಮೊಮ್ಮಗ ಬಾಗಿಲಲ್ಲಿ ನಿಂತು ಕೇಳಿದ: "ಮುತ್ಯಾ, ರಸ್ತಾ ಎಲ್ಲಾ ಒಣಗ್ಯಾದ, ನಡುವಿನ ಗೆರಿ ಒಂದೇ ಯಾಕ ಹಸಿ ಅದ?"

ಕನ್ನಡಕ ಏರಿಸಿ ನೋಡಿದೆ. ಬಣ್ಣದ ಗೆರೆಯಲ್ಲ, ರಸ್ತೆಯ ಉದ್ದಕ್ಕೂ ದಾರ ಹಿಡಿದು ಎಳೆದಂಥ ಸೀಳು. ಅದು ರಸ್ತೆಯ ಜೋಡು.

ಯಾದಗಿರಿಯಿರಲಿ, ಶಹಾಪುರ, ಸುರಪುರವಿರಲಿ, ಬಸ್ಸು ಓಡಾಡುವ ರಸ್ತೆಯನ್ನು ಪೂರ್ತಿ ಮುಚ್ಚಿ ಡಾಂಬರು ಹಾಕುವುದು ಕಷ್ಟ. ಇವತ್ತು ಅರ್ಧ, ನಾಳೆ ಇನ್ನರ್ಧ ಹಾಕುತ್ತಾರೆ. ಖಡಿ ಮತ್ತು ಡಾಂಬರು ಕಲಸಿದ ಮಾಲು ಸುಮಾರು 150 ಡಿಗ್ರಿ ಬಿಸಿಯಲ್ಲಿ ತಯಾರಾಗುತ್ತದೆ. ಅದು ಆರುವ ಮೊದಲೇ ರೋಲರ್ ಓಡಿಸಿ ಒತ್ತಬೇಕು. ಆದರೆ ಮೊದಲ ದಿನದ ಅಂಚಿಗೆ ಪಕ್ಕದಲ್ಲಿ ಆಸರೆ ಇಲ್ಲ. ಒತ್ತಿದರೆ ಹೊರಗೆ ಸರಿಯುತ್ತದೆ, ಬೇಗ ಆರುತ್ತದೆ, ಸಡಿಲವಾಗಿಯೇ ಉಳಿಯುತ್ತದೆ. ಮರುದಿನ ಆ ತಣ್ಣನೆಯ ಅಂಚಿಗೆ ಬಿಸಿ ಮಾಲು ಸುರಿದರೆ ಎರಡೂ ಬೆರೆಯುವುದಿಲ್ಲ.

ಇದು ನಿಮ್ಮ ಅಜ್ಜಿಗೆ ಚೆನ್ನಾಗಿ ಗೊತ್ತು. ಜೋಳದ ಹಿಟ್ಟು ಬಿಸಿ ಇದ್ದಾಗ ನಾದಿ ಬಡಿದರೆ ರೊಟ್ಟಿ ದುಂಡಗೆ ಬರುತ್ತದೆ. ಆರಿದ ಹಿಟ್ಟಿನ ರೊಟ್ಟಿ ಅಂಚಿನಲ್ಲೇ ಸೀಳುತ್ತದೆ. ಅಜ್ಜಿ ಬೆರಳು ತೋಯಿಸಿ ಆ ಸೀಳು ಸವರುತ್ತಾಳೆ. ರಸ್ತೆಯವರೂ ಹಾಗೇ ಮಾಡಬೇಕು: ಸಡಿಲ ಅಂಚನ್ನು ನೆಟ್ಟಗೆ ಕತ್ತರಿಸಿ, ಧೂಳು ಗುಡಿಸಿ, ಆ ಗೋಡೆಗೆ ಡಾಂಬರು ಬಳಿದು, ಆಮೇಲೆ ಹೊಸ ಮಾಲು ಹಾಕಿ ಬಿಸಿ ಇರುವಾಗಲೇ ಜೋಡಿನ ಮೇಲೆ ರೋಲರ್ ಓಡಿಸಬೇಕು. ಕೆಳ ಪದರದ ಜೋಡಿನ ನೇರಕ್ಕೆ ಮೇಲಿನ ಪದರದ ಜೋಡು ಬರಬಾರದು. ಗೌಂಡಿ ಇಟ್ಟಿಗೆ ಕಟ್ಟುವುದನ್ನು ನೋಡಿದ್ದೀರಲ್ಲ, ಹಾಗೆ.

ಜೋಡು ಬಿಟ್ಟರೆ ನೀರು ಇಳಿಯುತ್ತದೆ. ಮೇಲೆ ಭತ್ತದ ಲಾರಿ ಹೋದಾಗಲೆಲ್ಲ ಒಳಗಿನ ನೀರು ಪಿಚಕಾರಿಯಂತೆ ಒತ್ತಿ ಖಡಿಯಿಂದ ಡಾಂಬರನ್ನು ಬಿಡಿಸುತ್ತದೆ. ನಮ್ಮ ಎರೆ ಭೂಮಿಯೋ, ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನಾವು ಮುದುಕರು ಕಟ್ಟೆಯ ಮೇಲೆ ಕೂತು "ಡಾಂಬರು ಕಡಿಮೆ ಹಾಕ್ಯಾರ" ಅನ್ನುತ್ತೇವೆ. ಕೆಲವು ಸಲ ಅದೂ ನಿಜವೇ. ಆದರೆ ಬೇಕಾದಷ್ಟು ಡಾಂಬರು ಹಾಕಿದ ರಸ್ತೆಯೂ ಜೋಡಿನಲ್ಲಿ ಮೊದಲು ಸೋಲುತ್ತದೆ.

ಸೀಳು ಸಣ್ಣದಿರುವಾಗ, ಮುಂಗಾರಿಗೆ ಮೊದಲು, ಒಣಗಿದ ದಿನ ಕಸ ತೆಗೆದು ರಬ್ಬರ್ ಬೆರೆಸಿದ ಬಿಸಿ ಡಾಂಬರು ತುಂಬಿದರೆ ಸಾಕು. ಹಸಿ ಸೀಳಿಗೆ, ಧೂಳು ಕೂತ ಸೀಳಿಗೆ ಅದು ಅಂಟುವುದಿಲ್ಲ. ತಗ್ಗು ಬಿದ್ದ ಮೇಲಂತೂ ಆ ಉಪಾಯ ನಡೆಯುವುದಿಲ್ಲ, ಅಗೆದೇ ಮಾಡಬೇಕು.

ಇನ್ನೊಂದು ಸಂಗತಿ ಹೇಳಲು ಸಂಕೋಚ. ಹೋದ ವರ್ಷ ಮೊಮ್ಮಗನ ಸೈಕಲ್ ಗಾಲಿ ಸಿಕ್ಕಿ ಅವನು ಬಿದ್ದ. ಹಿಂದೆ ಬರುತ್ತಿದ್ದ ಟಂಟಂ ಗಾಡಿಯವನು ಬ್ರೇಕ್ ಒತ್ತಿದ್ದಕ್ಕೆ ಮೊಣಕಾಲು ಕೆತ್ತಿದ್ದರಲ್ಲೇ ಮುಗಿಯಿತು. ಅವನು ಬಿದ್ದದ್ದು ನಡುವಿನ ಸೀಳಿನಲ್ಲಲ್ಲ. ನಮ್ಮ ಮನೆಯ ನಳಕ್ಕಾಗಿ ನಾನೇ ರಸ್ತೆಗೆ ಅಡ್ಡ ಅಗೆಸಿ, ಬರೀ ಮಣ್ಣು ಮುಚ್ಚಿಸಿದ್ದ ಜಾಗದಲ್ಲಿ. ಒಂದು ಪೈಪಿಗೆ ರಸ್ತೆಯಲ್ಲಿ ಎರಡು ಹೊಸ ಜೋಡು! ಮನೆಯಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಈ ಬೇಸಿಗೆಯಲ್ಲಿ ಅನುಮತಿ ಪಡೆದು ಅದನ್ನು ಮತ್ತೆ ಮಾಡಿಸಿದೆ. ಹಳೇ ಮಣ್ಣು ತೆಗೆಸಿ, ಮುರುಮು ಪದರ ಪದರವಾಗಿ ಬಡಿಸಿ, ಅಂಚು ಕತ್ತರಿಸಿ ಡಾಂಬರು ಬಳಿಸಿ, ಮೇಲೆ ಬಿಸಿ ಮಾಲು. ಮೊನ್ನೆ ಮಳೆಯ ನಂತರ ಮೊಮ್ಮಗ ರಸ್ತೆಗೆ ಇಳಿಯದೆ ಕಟ್ಟೆಯಿಂದಲೇ ಬಗ್ಗಿ ನೋಡಿ ವರದಿ ಕೊಟ್ಟ: "ಈ ಕಡಿ ಒಣಗ್ಯಾದ ಮುತ್ಯಾ. ಆ ಕಡಿ ಇನ್ನೂ ಒಂದು ಗೇಣು ಹಸಿ ಅದ."