ಧೂಳು ಊರಿಗೆ, ಹಣ ಎಲ್ಲಿಗೆ?

ಸಂಡೂರು, ಹೊಸಪೇಟೆ, ಭೀಮಸಮುದ್ರ, ಚಿಕ್ಕನಾಯಕನಹಳ್ಳಿ ಕಡೆಯ ರೈತ ಬಾಂಧವರಿಗೆ ಗಣಿಯ ಕೆಂಪು ಧೂಳನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಮೆಣಸಿನ ಗಿಡದ ಮೇಲೆ ಕೂತರೆ ಎಲೆಗೆ ಬಿಸಿಲು ತಾಕದು. ಜೋಳದ ಸೊಪ್ಪೆಯ ಮೇಲೆ ಕೂತರೆ ದನ ಮೂಸಿ ಬಿಡುತ್ತದೆ. ಗುಡ್ಡದಲ್ಲಿ ರಾಶಿ ಹಾಕಿದ ಗಣಿ ಮಣ್ಣು ಮಳೆಗೆ ಕೊಚ್ಚಿ ಬಂದು ಹಳ್ಳ, ಕೆರೆಗಳನ್ನು ತುಂಬುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ಮಿತಿ ಹಾಕಿ ಮತ್ತೆ ಬಿಟ್ಟಿತು. ಲಾರಿ ಓಡುತ್ತಲೇ ಇವೆ.

ಈ ಬಾಧೆಗೆಂದೇ ಸರ್ಕಾರದಲ್ಲಿ ಹಣವಿದೆ. ಗಣಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗಣಿ ಮಾಲೀಕರು ರಾಜಧನದ ಜೊತೆಗೆ, ಅದರ ಶೇಕಡಾ 10ರಷ್ಟನ್ನು, ಹಳೆಯ ಗುತ್ತಿಗೆಯಾದರೆ ಶೇಕಡಾ 30ರಷ್ಟನ್ನು ಇದಕ್ಕೆ ಕಟ್ಟಬೇಕು. ಅದರಲ್ಲಿ ಕನಿಷ್ಠ ಶೇಕಡಾ 60 ಭಾಗ ಕುಡಿಯುವ ನೀರು, ಪರಿಸರ, ಆರೋಗ್ಯ, ಶಿಕ್ಷಣ ಮೊದಲಾದವಕ್ಕೆ ಹೋಗಬೇಕೆಂದು 2015ರ ಮಾರ್ಗಸೂಚಿ ಹೇಳಿತ್ತು. 2024ರಲ್ಲಿ ಅದನ್ನು 70ಕ್ಕೆ ಏರಿಸಿದರು.

ಹಣದ ಕೊರತೆಯಲ್ಲ, ಅದನ್ನು ಎಲ್ಲಿಗೆ ಹಾಕಬೇಕೆಂದು ಹೇಳುವವರು ಯಾರು ಎಂಬುದೇ ತಕರಾರು. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ ಗ್ರಾಮಸಭೆ ಒಪ್ಪದೆ ಈ ಹಣದ ಯಾವ ಕಾಮಗಾರಿಯೂ ಇಲ್ಲ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಹಾಗಾಗಿ ಆ ಬೀಗದ ಕೈ ನಮ್ಮ ಊರುಗಳಿಗೆ ಸಿಕ್ಕಿಲ್ಲ. ಅದಿರಿನ ಲಾರಿ ಕೆಡಿಸಿದ ರಸ್ತೆಗೇ ಈ ಹಣ ಸುರಿದರೆ, ಧೂಳು ತಿಂದವರ ಪಾಲಿನಿಂದ ಲಾರಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಈ ಹಣದಲ್ಲಿ ಒಂದು ಪಾಲನ್ನು ಊರಿನ ಕೆರೆ ಸಂಘಕ್ಕೆ, ಮಹಿಳಾ ಸಂಘಕ್ಕೆ ನೇರವಾಗಿ ಕೊಡಬೇಕು. ಇದೇನೂ ಹೊಸ ಮಾತಲ್ಲ. 2002ರಲ್ಲಿ ಶುರುವಾದ ಜಲ ಸಂವರ್ಧನೆ ಯೋಜನೆಯಲ್ಲಿ ಕೆರೆ ಕೆಲಸವನ್ನು ಬಳಕೆದಾರರ ಸಂಘಗಳ ಕೈಗೇ ಕೊಡಲಾಗಿತ್ತು. ಸಂಘದವರು ಹಣ ತಿಂದಾರು ಎನ್ನುವವರಿದ್ದಾರೆ. ಕೆಲವರು ತಿಂದಾರು, ಆದರೆ ಗುತ್ತಿಗೆದಾರರ ಬಿಲ್ಲು ನೋಡಿದವರು ಈ ಮಾತು ಆಡಬಾರದು. ಸಂಘದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಬಹುದು.

ಆದೇಶ ಬರಲೆಂದು ಕಾಯಬೇಡಿರಿ. ಮುಂದಿನ ಗ್ರಾಮಸಭೆಯಲ್ಲಿ ಠರಾವು ಬರೆಸಿರಿ. "ಪರಿಸರ ಅಭಿವೃದ್ಧಿ" ಎಂದು ಬರೆದರೆ ಯಾರೂ ಓದುವುದಿಲ್ಲ. ಯಾವ ಗುಡ್ಡದ ಮಣ್ಣು ಯಾವ ಹಳ್ಳಕ್ಕೆ ಇಳಿಯುತ್ತಿದೆ, ಎಲ್ಲಿ ಕಲ್ಲಿನ ತಡೆ ಬೇಕು, ಕೆರೆ ಎಷ್ಟು ತುಂಬಿದೆ, ಎಷ್ಟು ಎಕರೆಯ ಪೈರು ಕೆಟ್ಟಿದೆ, ಅದನ್ನು ಬರೆಯಿರಿ. ಎರಡು ಎಚ್ಚರಿಕೆ. ಗಣಿಯಿಂದ ಬಂದ ಹೂಳು ನಮ್ಮ ಹಳೆಯ ಕೆರೆಗೋಡಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹೊಡೆಸಬೇಡಿರಿ. ಇನ್ನು ಅದಿರು ಸಾಗುವ ದಾರಿಗೆ ನೀರು ಚಿಮುಕಿಸುವ ಖರ್ಚು ಗಣಿ ಮಾಲೀಕನದು. ಅದನ್ನು ಠರಾವಿಗೆ ಸೇರಿಸಬೇಡಿರಿ.

ಠರಾವಿನ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ, ನಿಮ್ಮ ಪಂಚಾಯಿತಿಗೆ ಈವರೆಗೆ ಎಷ್ಟು ಮಂಜೂರಾಯಿತು, ಯಾವ ಕಾಮಗಾರಿಗೆ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿರಿ. ಅರ್ಜಿ ಶುಲ್ಕ 10 ರೂಪಾಯಿ.