ಪರದೆಯ ಮೇಲಿನ ಕಳ್ಳತಕ್ಕಡಿ

ಶ್ರಾವಕನಿಗೆ ವ್ಯಾಪಾರವು ನಿಷಿದ್ಧವಲ್ಲ. ವ್ಯಾಪಾರದಲ್ಲಿನ ವಂಚನೆಯು ನಿಷಿದ್ಧ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು, ಪ್ರತಿರೂಪಕ ವ್ಯವಹಾರವೂ ಒಂದು. ಕೊಳ್ಳುವಾಗ ಹೆಚ್ಚು, ಕೊಡುವಾಗ ಕಡಿಮೆ ಅಳೆಯುವುದು ಮೊದಲನೆಯದು; ಅಸಲಿನಂತೆ ತೋರುವ ನಕಲಿಯನ್ನು ದಾಟಿಸುವುದು ಎರಡನೆಯದು. ಇವೆರಡೂ ಇಂದು ಅಂಗಡಿಯ ಕಟ್ಟೆಯನ್ನಿಳಿದು ಮೊಬೈಲಿನ ಪರದೆಯನ್ನೇರಿ ಕುಳಿತಿವೆ.

ಕೆಲವು ತಿಂಗಳ ಹಿಂದೆ ಬೆಂಗಳೂರಿಗೆ ಬಸ್ಸಿನ ಟಿಕೀಟು ಕಾದಿರಿಸಲು ಕುಳಿತಿದ್ದೆ. ಮೊದಲ ಪುಟದಲ್ಲಿ ಒಂದು ದರ. ಹೆಸರು, ವಯಸ್ಸು, ಆಸನಗಳನ್ನೆಲ್ಲ ತುಂಬಿದ ಮೇಲೆ ಕೊನೆಯ ಪುಟದಲ್ಲಿ ಇನ್ನೊಂದು ಮೊತ್ತ. ಕೆದಕಿ ನೋಡಿದಾಗ, ನಾನು ಕೇಳದ ವಿಮೆಯೊಂದು ಸೇರಿತ್ತು. ಅದರ ಕೆಳಗೆ ಬಡಮಕ್ಕಳ ಶಿಕ್ಷಣಕ್ಕೆಂದು ಐದು ರೂಪಾಯಿಯೂ ಸೇರಿತ್ತು. ಎರಡರ ಮುಂದೆಯೂ ಒಪ್ಪಿಗೆಯ ಗುರುತನ್ನು ಅವರೇ ಹಾಕಿಟ್ಟಿದ್ದರು. ಐದು ರೂಪಾಯಿ ದೊಡ್ಡದಲ್ಲ. ಆದರೆ ಆಯುಷ್ಯವಿಡೀ ಕಿರ್ದಿ ಬರೆದ ನನ್ನನ್ನು ಒಂದು ಪ್ರಶ್ನೆ ಕಾಡಿತು: ಕೊಡುವವನಿಗೆ ತಿಳಿಯದಂತೆ ತೆಗೆದುಕೊಂಡದ್ದು ದಾನ ಹೇಗಾದೀತು?

ನೋಡುಗನನ್ನು ದಾರಿ ತಪ್ಪಿಸಲೆಂದೇ ರಚಿಸಿದ ಇಂಥ ವಿನ್ಯಾಸಕ್ಕೆ ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2023ರ ನವೆಂಬರ್ 30ರಂದು ಮಾರ್ಗಸೂಚಿಯನ್ನು ಹೊರಡಿಸಿ, ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು. ‘ಇನ್ನೆರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಬೇಡವೆಂದವನನ್ನು ನಾಚಿಸುವ ಮಾತು, ಸೇರಲು ಸುಲಭವಾಗಿದ್ದು ಬಿಡಲು ದುಸ್ತರವಾದ ಚಂದಾ, ನಿಜವಾದ ದರವನ್ನು ಕೊನೆಯವರೆಗೆ ಬಚ್ಚಿಡುವುದು ಎಲ್ಲವೂ ಅದರಲ್ಲಿವೆ. ಕೇಳದೆ ಬುಟ್ಟಿಗೆ ನುಸುಳಿಸುವುದರ ವಿವರಣೆಯಲ್ಲಿ ದಾನದ ಹಣವೂ ಸೇರಿದೆ. ಅಮೆರಿಕದಲ್ಲಿ, ಒಪ್ಪಿಗೆಯಿಲ್ಲದೆ ಜನರನ್ನು ಪ್ರೈಮ್ ಚಂದಾಕ್ಕೆ ಸೇರಿಸಿ, ಬಿಡುವುದನ್ನು ಕಠಿಣಗೊಳಿಸಿದ ಆರೋಪದ ಮೊಕದ್ದಮೆಯಲ್ಲಿ ಅಮೆಜಾನ್ ಸಂಸ್ಥೆಯು 2025ರ ಸೆಪ್ಟೆಂಬರಿನಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 250 ಕೋಟಿ ಡಾಲರ್ ತೆರಲು ಒಪ್ಪಿತು.

ಇದೆಲ್ಲ ಹೊರಗಿನವರ ಪಾಪವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬೈಲಹೊಂಗಲದಂಥ ಹತ್ತಿಯ ಪೇಟೆಗಳ ಇತಿಹಾಸವನ್ನು ಬಲ್ಲವರಿಗೆ ಈ ಆಟ ಹೊಸದಲ್ಲ. ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಕಾಲವೊಂದಿತ್ತು. ಮಾಲಿನ ಒಡೆಯನಾದ ರೈತನಿಗೆ ಅದು ತಿಳಿಯುತ್ತಿರಲಿಲ್ಲ. ಅವನ ಪಟ್ಟಿಯಲ್ಲಿ ‘ಧರ್ಮಾದಾಯ’ವೆಂದು ಗುಡಿಗೋ ಗೋಶಾಲೆಗೋ ಹಣ ಮುರಿದುಕೊಳ್ಳುವ ರೂಢಿಯೂ ದೇಶದ ಅನೇಕ ಪೇಟೆಗಳಲ್ಲಿತ್ತು. ರೈತನ ಹಣ, ವ್ಯಾಪಾರಿಯ ಪುಣ್ಯ! 1928ರಲ್ಲಿ ವರದಿ ನೀಡಿದ ಕೃಷಿ ರಾಯಲ್ ಕಮಿಷನ್ ಇಂಥ ಮುರಿತಗಳನ್ನು ಖಂಡಿಸಿತು. ನಮ್ಮ ಸೀಮೆಯು ಮುಂಬಯಿ ಪ್ರಾಂತದಲ್ಲಿದ್ದಾಗ ಬಂದ 1927ರ ಹತ್ತಿ ಮಾರುಕಟ್ಟೆ ಕಾಯ್ದೆ, 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಗಳು ಪೇಟೆಯನ್ನು ನಿಯಮಕ್ಕೆ ಒಳಪಡಿಸಿದವು. ಬಹಿರಂಗ ಸವಾಲು ಬಂದಿತು. ತಕ್ಕಡಿಗೆ ಸರಕಾರದ ಮುದ್ರೆ ಬಂದಿತು. ಅಂದು ಪೇಟೆಯಿಂದ ಹೊರಗಟ್ಟಿದ ಧರ್ಮಾದಾಯವೇ ಇಂದು ಗುರುತು ಹಾಕಿದ ಪುಟ್ಟ ಚೌಕವಾಗಿ ಮರಳಿದೆ. ಆದರೆ ಈ ತಕ್ಕಡಿಗೆ ಮುದ್ರೆ ಒತ್ತುವವರು ಯಾರೂ ಇಲ್ಲ.

‘ಗಿರಾಕಿಯೇ ಗುಂಡಿ ಒತ್ತಿದನಲ್ಲ, ಅದು ಅವನ ಒಪ್ಪಿಗೆಯಲ್ಲವೇ?’ ಎಂದು ಕೆಲವರು ವಾದಿಸುತ್ತಾರೆ. ಇದು ಟೊಳ್ಳು ವಾದ. ಈ ಕಂಪನಿಗಳು ಒಂದೇ ಪುಟವನ್ನು ಎರಡು ಬಗೆಯಲ್ಲಿ ರಚಿಸಿ, ಸಹಸ್ರಾರು ಜನರಿಗೆ ತೋರಿಸಿ, ಯಾವುದರಿಂದ ಹೆಚ್ಚು ಹಣ ಬರುವುದೆಂದು ಎಣಿಸಿ ನೋಡಿ ಅದನ್ನೇ ಉಳಿಸಿಕೊಳ್ಳುತ್ತವೆ. ಎಷ್ಟು ಜನ ಎಡವುತ್ತಾರೆಂದು ಎಣಿಸಿ ಇಟ್ಟ ಕಲ್ಲನ್ನು ‘ದಾರಿಯಲ್ಲಿ ತಾನಾಗಿ ಬಿದ್ದಿತ್ತು’ ಎನ್ನಲಾದೀತೇ? ಕೊಡದಿರುವುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಎಡವಿದ ಬೆರಳು ಕೊಟ್ಟದ್ದನ್ನು ಮನಸ್ಸು ಕೊಟ್ಟಿಲ್ಲ.

‘ಎಲ್ಲರೂ ಮಾಡುತ್ತಾರೆ, ಮಾಡದಿದ್ದರೆ ಸ್ಪರ್ಧೆಯಲ್ಲಿ ಉಳಿಯಲಾರೆವು’ ಎಂಬುದು ಇನ್ನೊಂದು ವಾದ. ಕಳ್ಳತಕ್ಕಡಿ ಹಿಡಿದವರೆಲ್ಲರೂ ಎಲ್ಲ ಕಾಲದಲ್ಲಿಯೂ ಇದನ್ನೇ ಹೇಳಿದ್ದಾರೆ. ಅಣುವ್ರತವು ಸ್ಪರ್ಧೆಯಿಲ್ಲದ ಊರಿಗಾಗಿ ಹೇಳಿದ್ದಲ್ಲ.

ನಮ್ಮ ಶಾಸ್ತ್ರವು ಪಾಪವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುತ್ತದೆ. ಕಿತ್ತೂರು, ಸವದತ್ತಿಗಳ ನಮ್ಮ ಮನೆಗಳ ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಇಂಥ ಪುಟಗಳನ್ನು ರಚಿಸುತ್ತಾರೆ, ಅದು ಕೃತ. ರಾಮದುರ್ಗದ ಸೀರೆ ವ್ಯಾಪಾರಿಯು ‘ಮಾರಾಟ ಹೆಚ್ಚಿಸಿಕೊಡು’ ಎಂದು ಹಣ ಕೊಟ್ಟು ಸುಳ್ಳು ಗಡಿಯಾರವನ್ನು ಹಾಕಿಸುತ್ತಾನೆ; ಅದು ಕಾರಿತ. ಆ ಕಂಪನಿಗಳ ಶೇರು ಏರಿದಾಗ ನಾವು ಮನೆಯಲ್ಲಿ ಕುಳಿತು ಹಿಗ್ಗುತ್ತೇವೆ; ಅದು ಅನುಮೋದಿತ. ಮೂವರ ಖಾತೆಯಲ್ಲಿಯೂ ಬಾಕಿ ಬರೆಯಲ್ಪಡುತ್ತದೆ.

ಶಾಸನಗಳಲ್ಲಿ ಸುಗಂಧವರ್ತಿಯೆನಿಸಿದ ಸವದತ್ತಿಯಲ್ಲಿ ರಟ್ಟರು ಬಸದಿಗೆ ಭೂಮಿಯನ್ನು ಬಿಟ್ಟಾಗ ಅದನ್ನು ಕಲ್ಲಿನಲ್ಲಿ ಕೆತ್ತಿಸಿದರು. ಕೊಟ್ಟವರಾರು, ಕೊಟ್ಟದ್ದೇನು ಎಂಬುದು ಎಲ್ಲರಿಗೂ ಕಾಣುವಂತಿತ್ತು. ದಾನದ ಲಕ್ಷಣ ಅದು. ವ್ಯಾಪಾರದ ಲಕ್ಷಣವೂ ಅದೇ ಆಗಬೇಕು.

ಬರುವ ದಶಲಕ್ಷಣ ಪರ್ವದಲ್ಲಿ ಉತ್ತಮ ಆರ್ಜವದ ದಿನ, ಅಂತರ್ಜಾಲದಲ್ಲಿ ಮಾರುವ ಪ್ರತಿಯೊಬ್ಬ ಶ್ರಾವಕನೂ ತನ್ನದೇ ಪುಟದಲ್ಲಿ ಗಿರಾಕಿಯಾಗಿ ಒಮ್ಮೆ ಕೊಂಡು ನೋಡಲಿ. ಮೊದಲು ಕಂಡ ದರವೇ ಕೊನೆಯ ದರವೇ? ಕೇಳದ್ದೇನಾದರೂ ಸೇರಿದೆಯೇ? ‘ಬೇಡ’ ಎಂಬ ಗುಂಡಿ ‘ಬೇಕು’ ಎಂಬುದರಷ್ಟೇ ದೊಡ್ಡದಾಗಿದೆಯೇ? ಇಲ್ಲವಾದರೆ ಅದನ್ನು ಆ ದಿನವೇ ತಿದ್ದಿಸಲಿ. ಆರ್ಜವವೆಂದರೆ ನೇರತನ; ಡೊಂಕು ತಕ್ಕಡಿಯನ್ನು ಮನೆಯಲ್ಲಿಟ್ಟುಕೊಂಡು ಬಸದಿಯಲ್ಲಿ ಅದರ ಪೂಜೆ ಮಾಡಿದರೆ ಫಲವಿಲ್ಲ.